ಹಳೆಯ ಬೆಂಜ್, ಬಿಎಂಡಬ್ಲ್ಯು ಮನೆಗೆ ತರುವ ಮುಂಚೆ: ತುಮಕೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ಹೊಸದರಲ್ಲಿ ಅರವತ್ತು ಲಕ್ಷ ದಾಟಿದ್ದ ಬೆಂಜ್ ಇ-ಕ್ಲಾಸ್ ಏಳೆಂಟು ವರ್ಷ ಓಡಿದ ಮೇಲೆ ಹೊಸ ಕ್ರೆಟಾದ ಟಾಪ್ ಮಾಡೆಲ್ ಬೆಲೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇನ್ನೂ ಹಳೆಯದಾದರೆ ಸಣ್ಣ ಹ್ಯಾಚ್‌ಬ್ಯಾಕ್ ದುಡ್ಡಿಗೂ ಸಿಗುತ್ತದೆ. ಇದರಲ್ಲಿ ಮೋಸವೇನಿಲ್ಲ. ಅಂಥ ಕಾರು ಕೊಳ್ಳುವ ಶಕ್ತಿ ಇರುವವರಿಗೆ ಹಳೆಯದು ಬೇಡ, ಹಳೆಯದಾದರೂ ಸರಿ ಎನ್ನುವವರಿಗೆ ರಿಪೇರಿಯ ಭಯ. ಜೊತೆಗೆ ಈಗ ಎಲ್ಲರ ಕಣ್ಣೂ ಎಸ್‌ಯುವಿ ಮೇಲೆ. ಹಾಗಾಗಿ ದೊಡ್ಡ ಸೆಡಾನ್‌ಗಳ ಬೆಲೆ ಬೇಗ ಬೀಳುತ್ತದೆ.

ಆದರೆ ಬೀಳುವುದು ಕಾರಿನ ಬೆಲೆ ಮಾತ್ರ. ಅದರ ಹೆಡ್‌ಲೈಟು, ಗೇರ್‌ಬಾಕ್ಸು, ಸಸ್ಪೆನ್ಷನ್ನು ಇವತ್ತಿಗೂ ಅರವತ್ತು ಲಕ್ಷದ ಕಾರಿನವೇ. ಕುದುರೆ ಅಗ್ಗಕ್ಕೆ ಸಿಕ್ಕಿತು ಅಂತ ಹುರುಳಿ ಅಗ್ಗವಾಗುವುದಿಲ್ಲ. ಕೊಳ್ಳುವಾಗ ನೋಡಬೇಕಾದದ್ದು ಕಾರಿನ ಹೊಳಪಲ್ಲ, ಅದನ್ನು ಇಷ್ಟು ವರ್ಷ ಯಾರು ಸಾಕಿದರು, ಹೇಗೆ ಸಾಕಿದರು ಅನ್ನುವುದು.

ಮೊದಲ ಹೆಜ್ಜೆ: ಮನೆಯವರನ್ನು ಕೂರಿಸಿ ನೋಡಿ

ಯಾವ ಕಾರು ಅಂತ ತೀರ್ಮಾನಿಸುವ ಮುಂಚೆ ಯಾರಿಗೆ ಅಂತ ತೀರ್ಮಾನಿಸಬೇಕು. ದೊಡ್ಡ ಸೆಡಾನ್‌ಗಳ ದಾಖಲೆಯಲ್ಲಿ ಐದು ಸೀಟು ಅಂತಿರುತ್ತದೆ, ಕೂರುವುದು ನಾಲ್ಕೇ ಜನ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಬೆಂಜ್, ಬಿಎಂಡಬ್ಲ್ಯು ಕಾರುಗಳಲ್ಲಿ ಹಿಂದಿನ ಸೀಟಿನ ನಡುವೆ ದೊಡ್ಡ ಉಬ್ಬು ಇರುತ್ತದೆ. ನಡುವೆ ಕೂತವರು ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮಾಡಿ ಬರುವಷ್ಟರಲ್ಲಿ ಕಾಲು ಮಡಚಿ ಮಡಚಿ ಸೋತಿರುತ್ತಾರೆ. ಮಕ್ಕಳಿಬ್ಬರು, ಅಪ್ಪ ಅಮ್ಮ, ನೀವಿಬ್ಬರು ಸೇರಿ ಆರು ಜನ ಆಗುವುದಾದರೆ ಈ ಆಸೆ ಇಲ್ಲಿಗೇ ಬಿಟ್ಟು ಇನ್ನೋವಾ ನೋಡುವುದು ಒಳ್ಳೆಯದು.

ಎರಡನೆಯದು ಎತ್ತರ. ಮಂಡಿನೋವಿನ ಅಜ್ಜಿಗೆ ಕೆಳಗಿನ ಸೀಟಿನಿಂದ ಏಳುವುದು ಕಷ್ಟ. ಮಸಾಜ್ ಸೀಟು, ಬಿಸಿಲಿಗೆ ಪರದೆ ಎಲ್ಲ ಇದ್ದು, ಇಳಿಯುವಾಗ ಇಬ್ಬರು ಕೈ ಹಿಡಿದು ಎಳೆಯಬೇಕಾದರೆ ಏನು ಸುಖ? ಕಾರು ನೋಡಲು ಹೋಗುವಾಗ ಹಿರಿಯರನ್ನೇ ಕರೆದುಕೊಂಡು ಹೋಗಿ, ಎರಡು ಮೂರು ಸಲ ಹತ್ತಿಸಿ ಇಳಿಸಿ.

ಮೂರನೆಯದು ಅಳತೆ. 2017ರಿಂದ ಭಾರತದಲ್ಲಿ ಮಾರಿದ ಉದ್ದ ವೀಲ್‌ಬೇಸ್‌ನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿರುವ) ಇ-ಕ್ಲಾಸ್ 5 ಮೀಟರ್ ದಾಟುತ್ತದೆ, ಅದರ ಕಾಲದ ಎಸ್-ಕ್ಲಾಸ್ ಹತ್ತಿರ ಹತ್ತಿರ 5.25 ಮೀಟರ್. ಟೇಪ್ ಹಿಡಿದು ನಿಮ್ಮ ಪೋರ್ಟಿಕೋ ಅಳೆಯಿರಿ. ಗೇಟು ಮುಚ್ಚಬೇಕು, ಹಿಂದೆ ಡಿಕ್ಕಿ ತೆಗೆಯಲು ಜಾಗ ಉಳಿಯಬೇಕು. ಎಸ್.ಎಸ್. ಪುರಂನಂಥ ಕಡೆ ಅಗಲ ರಸ್ತೆಯಲ್ಲಿ ತಿರುಗುವ ಕಾರು ಮಂಡಿಪೇಟೆಯ ಒಳಗೆ ಸಿಕ್ಕಿಕೊಂಡರೆ ಹಿಂದೆ ಬರುವ ಗೂಡ್ಸ್ ಆಟೋದವರ ಬಾಯಿಗೆ ನೀವೇ ಆಹಾರ. ಮನೆ ಮುಂದಿನ ಹಂಪ್ ಕೂಡ ನೋಡಿ. ಉದ್ದ ಕಾರಿನ ಹೊಟ್ಟೆ ತಾಗುವುದು ಗುಂಡಿಗಿಂತ ಹೆಚ್ಚಾಗಿ ಊರವರು ತಾವೇ ಕಟ್ಟಿಕೊಂಡ ಹಂಪ್‌ಗಳಿಗೆ.

ಡಿಕ್ಕಿಯನ್ನೂ ತೆಗೆದು ನೋಡಿ. ನಮ್ಮಲ್ಲಿ ಮಾರಿದ ಹಲವು ಬೆಂಜ್, ಬಿಎಂಡಬ್ಲ್ಯುಗಳಲ್ಲಿ ಸ್ಪೇರ್ ಚಕ್ರ ಡಿಕ್ಕಿಯ ನೆಲದ ಮೇಲೆಯೇ ಕೂತು ಅರ್ಧ ಜಾಗ ತಿನ್ನುತ್ತದೆ.

ಎರಡನೇ ಹೆಜ್ಜೆ: ಲೆಕ್ಕ

ನಿಮ್ಮ ಹತ್ತಿರ ಇಪ್ಪತ್ತು ಲಕ್ಷ ಇದ್ದರೆ ಹದಿನೈದರ ಕಾರು ನೋಡಿ. ಉಳಿದ ಐದು ಬ್ಯಾಂಕಿನಲ್ಲಿ ಬೇರೆಯಾಗಿ ಇರಲಿ, ಮುಟ್ಟಬೇಡಿ. ಮೊದಲ ವರ್ಷದಲ್ಲೇ ನಾಲ್ಕು ಟೈರು, ಬ್ಯಾಟರಿ, ಬ್ರೇಕ್ ಡಿಸ್ಕ್, ಗೇರ್‌ಬಾಕ್ಸ್ ಎಣ್ಣೆ, ಸಸ್ಪೆನ್ಷನ್ ಬುಷ್ (ಕೀಲುಗಳ ರಬ್ಬರ್) ಇವೆಲ್ಲ ಒಟ್ಟಿಗೆ ಬಾಗಿಲು ತಟ್ಟಬಹುದು. ಹಿಂದಿನ ಮಾಲೀಕರು ಮಾರಿದ್ದೇ ಆ ಬಿಲ್ ಬರುವ ಮುಂಚೆ ಇರಬಹುದು. ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಬದಲು ಗಾಳಿಚೀಲದ ಮೇಲೆ ಕೂರುವ ಕಾರಾದರೆ ಒಂದೇ ಮೂಲೆಯ ರಿಪೇರಿ ಲಕ್ಷದ ಹತ್ತಿರ ಹೋಗಿ ನಿಲ್ಲುತ್ತದೆ. ಇಎಂಐ ಕಟ್ಟಿ ಇಂಥ ಕಾರು ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಳೆಯ ಕಾರಿನ ಸಾಲಕ್ಕೆ ಬಡ್ಡಿಯೂ ಜಾಸ್ತಿ, ಕಂತಿನ ತಿಂಗಳಲ್ಲೇ ರಿಪೇರಿ ಬಂದರೆ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ.

ವಿಮೆಯ ಲೆಕ್ಕವೂ ಇಲ್ಲಿಯೇ ಸೇರಲಿ. 1500 ಸಿಸಿ ಮೇಲಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ದರಪಟ್ಟಿಯಲ್ಲಿ 7,897 ರೂಪಾಯಿ. ನಿಮ್ಮದೇ ಕಾರಿನ ನಷ್ಟ ತುಂಬುವ ಓನ್ ಡ್ಯಾಮೇಜ್ ಭಾಗ ಅದರ ಮೇಲೆ. ಸವಕಳಿ ಕಳೆಯದೆ ಬಿಡಿಭಾಗದ ಬೆಲೆ ಕೊಡುವ ಜೀರೋ ಡಿಪ್ರಿಸಿಯೇಷನ್ ಸಾಮಾನ್ಯವಾಗಿ ಐದು ವರ್ಷ ದಾಟಿದ ಕಾರಿಗೆ ಸಿಗುವುದು ಕಷ್ಟ. ಅದಿಲ್ಲದಿದ್ದರೆ ಒಂದು ಬಂಪರ್ ಒಡೆದರೂ ಪ್ಲಾಸ್ಟಿಕ್ ಭಾಗದ ಅರ್ಧ ಬೆಲೆ ನಿಮ್ಮ ಜೇಬಿನಿಂದ. ಟೋಕನ್ ಕೊಡುವ ಮುಂಚೆಯೇ ಕಾರಿನ ನಂಬರ್ ಹಾಕಿ ಕೊಟೇಷನ್ ತೆಗೆಸಿ.

ಮೂರನೇ ಹೆಜ್ಜೆ: ಯಾವ ಕಾರು, ಯಾವ ಇಂಜಿನ್

ಇಲ್ಲಿ ಬ್ಯಾಡ್ಜ್ ನೋಡಿ ಮರುಳಾಗಬಾರದು. ಒಂದೇ ಹೆಸರಿನ ಕಾರಿನಲ್ಲಿ ಒಳ್ಳೆಯ ವರ್ಷಗಳೂ ಇವೆ, ದೂರ ಇಡಬೇಕಾದ ವರ್ಷಗಳೂ ಇವೆ.

ಬಿಎಂಡಬ್ಲ್ಯು 5 ಸೀರೀಸ್‌ನ ಎಫ್10 ಪೀಳಿಗೆ 2010ರಿಂದ ಬಂತು. ಅದರ 520ಡಿಯಲ್ಲಿ ಮೊದಲು ಇದ್ದ ಎನ್47 ಡೀಸೆಲ್ ಇಂಜಿನ್ನಿನ ಟೈಮಿಂಗ್ ಚೈನ್ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ) ಪ್ರಪಂಚದಾದ್ಯಂತ ಹೆಸರು ಕೆಡಿಸಿಕೊಂಡಿದೆ. ಚೈನ್ ಇಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆ ಇರುವುದರಿಂದ ಅದನ್ನು ಮುಟ್ಟಬೇಕಾದರೆ ಇಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಚೈನ್ ಬಿಲ್ಲಿಗಿಂತ ಕೂಲಿಯ ಬಿಲ್ಲು ದೊಡ್ಡದು. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಇಂಜಿನ್ ಹಿಂಭಾಗದಿಂದ ಕರಕರ ಸದ್ದು ಬಂದರೆ ಬೆಲೆ ಚೌಕಾಸಿ ಮಾಡಬೇಡಿ, ನಮಸ್ಕಾರ ಹೇಳಿ ಬನ್ನಿ. ನಂತರ ಬಂದ ಬಿ47 ಇಂಜಿನ್ ವಾಸಿ. 2017ರಲ್ಲಿ ಇಲ್ಲಿಗೆ ಬಂದ ಜಿ30 ಪೀಳಿಗೆಯ 520ಡಿ, ಬಜೆಟ್ ಇದ್ದರೆ, ಓಡಿಸುವವರಿಗೆ ಖುಷಿ ಕೊಡುವ ಕಾರು.

ಬೆಂಜ್‌ನ ವಿ6 ಡೀಸೆಲ್ ಓಎಂ642, ಅಂದರೆ ಆ ಕಾಲದ ಇ350, ಎಸ್350 ಡೀಸೆಲ್‌ಗಳ ಇಂಜಿನ್, ತುಂಬ ಸೊಗಸಾಗಿ ಓಡುತ್ತದೆ. ಅದರ ಆಯಿಲ್ ಕೂಲರ್ ಸೀಲ್ ವಯಸ್ಸಾದಂತೆ ಗಡುಸಾಗಿ ಎಣ್ಣೆ ಜಿನುಗುತ್ತದೆ. ಸೀಲಿನ ಬೆಲೆ ಏನೂ ಇಲ್ಲ, ಆದರೆ ಅದು ಕೂತಿರುವುದು ವಿ ಆಕಾರದ ಇಂಜಿನ್ನಿನ ನಡುವಿನ ತಗ್ಗಿನಲ್ಲಿ, ಟರ್ಬೋದ ಅಡಿಗೆ. ಅರ್ಧ ಇಂಜಿನ್ ಬಿಚ್ಚಬೇಕು. ವಾರಾಂತ್ಯದ ಕುಟುಂಬದ ಕಾರಿಗೆ ನನ್ನ ಓಟು ನಾಲ್ಕು ಸಿಲಿಂಡರ್‌ನ ಇ220ಡಿಗೆ, ಅದರಲ್ಲೂ 2017ರ ನಂತರದ್ದಕ್ಕೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಲು ಆ ಬೆಲೆಯಲ್ಲಿ ಅದಕ್ಕೆ ಸಾಟಿ ಕಡಿಮೆ.

ಆಡಿ ಎ6ನ ಹಳೆಯ 2.0 ಟಿಡಿಐ ಕಾರುಗಳಲ್ಲಿ ಮಲ್ಟಿಟ್ರಾನಿಕ್ ಎಂಬ ಸಿವಿಟಿ (ಗೇರಿನ ಮೆಟ್ಟಿಲುಗಳಿಲ್ಲದ) ಗೇರ್‌ಬಾಕ್ಸ್ ಇತ್ತು. ಅದನ್ನು ಸರಿಯಾಗಿ ಬಿಚ್ಚಿ ಜೋಡಿಸುವ ಕೈ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. 2015ರ ಹೊಸ ರೂಪದಲ್ಲಿ ಏಳು ಗೇರಿನ ಎಸ್ ಟ್ರಾನಿಕ್ ಬಂತು, ನೋಡುವುದಾದರೆ ಅದನ್ನೇ ನೋಡಿ. ಎಸ್-ಕ್ಲಾಸ್, 7 ಸೀರೀಸ್, ಎ8 ಇವು ಇನ್ನೊಂದು ಲೋಕ. ಏರ್ ಸಸ್ಪೆನ್ಷನ್, ಬಾಗಿಲು ತಾನೇ ಎಳೆದುಕೊಳ್ಳುವ ಮೋಟರ್, ಸೀಟಿಗೊಂದು ಕಂಪ್ಯೂಟರ್. ಇವನ್ನು ಕೊಳ್ಳುವುದಾದರೆ ಮೇಲೆ ಹೇಳಿದ ಮೀಸಲು ಹಣವನ್ನು ಎರಡರಷ್ಟು ಮಾಡಿ. ಜಾಗ್ವಾರ್ ಎಕ್ಸ್‌ಎಫ್ ನೋಡಲು ಚೆಂದ, ಬಿಡಿಭಾಗಕ್ಕೆ ಕಾಯುವ ತಾಳ್ಮೆ ಬೇಕು.

ಇಷ್ಟೆಲ್ಲ ತಲೆನೋವು ಬೇಡ, ಸುಖ ಮಾತ್ರ ಬೇಕು ಅನ್ನುವವರು ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ನೋಡಬಹುದು. 2013ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದೆ. ಗೇಟಿನ ಮುಂದೆ ನಿಂತಾಗ ಪಕ್ಕದ ಮನೆಯವರು ತಿರುಗಿ ನೋಡುವುದಿಲ್ಲ, ಅಷ್ಟೇ ಅದರ ಕೊರತೆ. ಹೈಬ್ರಿಡ್ ಬ್ಯಾಟರಿಯ ತಪಾಸಣೆ ವರದಿ ಮಾತ್ರ ಕೇಳಿ ಪಡೆಯಿರಿ.

ಪೆಟ್ರೋಲೋ ಡೀಸೆಲ್ಲೋ? ಭಾನುವಾರ ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಹೋಗುವವರಿಗೆ ಡೀಸೆಲ್ ಸರಿ. ಬರೀ ಬಿ.ಎಚ್. ರಸ್ತೆ, ಕಲ್ಯಾಣ ಮಂಟಪ, ದೇವಸ್ಥಾನ ಅಂತ ಊರೊಳಗೆ ಸುತ್ತುವವರಿಗೆ ಪೆಟ್ರೋಲ್ ಲೇಸು. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದೆ, ಅದು ಮಸಿ ಸುಟ್ಟುಕೊಳ್ಳಲು ನಿಲ್ಲದ ಓಟ ಬೇಕು. ಹೊಗೆ ಶುದ್ಧಿಗೆ ಆಡ್‌ಬ್ಲೂ ಎಂಬ ದ್ರವ ಹಾಕುವ ಕಾರುಗಳಲ್ಲಿ ಆ ದ್ರವ ಮುಗಿಯಲಿ, ಅದರ ಸೆನ್ಸರ್ ಕೆಡಲಿ, ಇಂತಿಷ್ಟು ಕಿಲೋಮೀಟರ್ ಆದಮೇಲೆ ಇಂಜಿನ್ ಸ್ಟಾರ್ಟ್ ಆಗದು ಅಂತ ಎಣಿಕೆ ಶುರುವಾಗುತ್ತದೆ.

ನಾಲ್ಕನೇ ಹೆಜ್ಜೆ: ಎಲ್ಲಿ ಹುಡುಕುವುದು

ನಮಗಿರುವ ಅನುಕೂಲ ಬೆಂಗಳೂರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿರುವುದು. ಬೆಂಜ್ ಸರ್ಟಿಫೈಡ್, ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಆಡಿ ಅಪ್ರೂವ್ಡ್ ಪ್ಲಸ್ ಎಂಬ ಕಂಪನಿಗಳದೇ ಹಳೆಯ ಕಾರಿನ ಮಳಿಗೆಗಳ ಕಡೆ ಬೆಲೆ ಜಾಸ್ತಿ, ಆದರೆ ವಾರಂಟಿ ಸಿಗುತ್ತದೆ. ಮೊದಲ ಸಲ ಕೊಳ್ಳುವವರಿಗೆ ಆ ಹೆಚ್ಚುವರಿ ದುಡ್ಡು ದಂಡವಲ್ಲ. ಎಲ್ಲಕ್ಕಿಂತ ಒಳ್ಳೆಯದು ನೇರ ಮಾಲೀಕರಿಂದ, ಅದೂ ಒಬ್ಬರೇ ಓಡಿಸಿದ, ಕಂಪನಿಯಲ್ಲೇ ಸರ್ವಿಸ್ ಆದ ಕೆಎ ನಂಬರಿನ ಗಾಡಿ.

ಅಂಗಡಿಯಲ್ಲಿ ಬೆಲೆ ವಿಪರೀತ ಕಡಿಮೆ ಇದ್ದರೆ ನಂಬರ್ ಪ್ಲೇಟ್ ನೋಡಿ. ದೆಹಲಿ ಕಡೆಯದಿರಬಹುದು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಹೊರಡಿಸಿದಾಗಿನಿಂದ ಒಳ್ಳೊಳ್ಳೆಯ ಡೀಸೆಲ್ ಕಾರುಗಳು ದಕ್ಷಿಣಕ್ಕೆ ಅಗ್ಗಕ್ಕೆ ಹರಿದು ಬರುತ್ತಿವೆ. ಕಾರು ಕೆಟ್ಟದ್ದೇ ಆಗಬೇಕೆಂದಿಲ್ಲ, ಕೆಡುವುದು ಲೆಕ್ಕ. ಹೊರರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಆಗಲೇಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಲೇಬೇಕು. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಆ ತೆರಿಗೆ ಶೇ. 18, ಮೇಲೆ ಸೆಸ್. ವಯಸ್ಸಿಗೆ ತಕ್ಕ ಕಡಿತ ಇದೆ, ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಹನ್ನೆರಡು ಲಕ್ಷಕ್ಕೆ ತಂದ ಕಾರಿಗೆ ತೆರಿಗೆಯೇ ಹಲವು ಲಕ್ಷ ಬಂದು ಕೂರುತ್ತದೆ. ಪುದುಚೇರಿ ನಂಬರಿನ ಗಾಡಿಗೂ ಇದೇ ಕಥೆ. ‘ಎಲ್ಲಾ ನಾವೇ ಮಾಡಿಸ್ಕೊಡ್ತೀವಿ ಸಾರ್’ ಅನ್ನುವ ಬ್ರೋಕರ್ ಮಾತಿನಲ್ಲಿ ಆ ‘ಎಲ್ಲಾ’ ಅಂದರೆ ಏನೇನು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ಐದನೇ ಹೆಜ್ಜೆ: ಕಾರು ನೋಡುವ ಮುಂಚೆ ಕಡತ ನೋಡಿ

ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಷ್ಟನೇ ಮಾಲೀಕರು, ನೋಂದಣಿ ದಿನಾಂಕ, ವಿಮೆ, ಸಾಲದ ಹೊರೆ ಕಾಣುತ್ತದೆ. ಟ್ರಾಫಿಕ್ ದಂಡ ಬಾಕಿ ಇದೆಯಾ ನೋಡಿ. ಬೆಂಗಳೂರಿನಲ್ಲಿ ಓಡಿದ ಗಾಡಿಗೆ ಇಲ್ಲದಿರುವುದೇ ಅಪರೂಪ.

ಆಮೇಲೆ ಚಾಸಿ ನಂಬರ್ ತೆಗೆದುಕೊಂಡು ಕಂಪನಿ ಸರ್ವಿಸ್ ಕೇಂದ್ರದಿಂದ ಸರ್ವಿಸ್ ಇತಿಹಾಸ ಪಡೆಯಿರಿ. ಮಾಲೀಕರ ಒಪ್ಪಿಗೆ ಬೇಕಾಗುತ್ತದೆ. ಒಪ್ಪಿಗೆ ಕೊಡಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ. ಇತಿಹಾಸದಲ್ಲಿ ಮೂರು ನೋಡಿ: ಪ್ರತಿ ಸಲದ ಕಿಲೋಮೀಟರ್ ಏರುತ್ತಾ ಹೋಗಿದೆಯೇ, ಸರ್ವಿಸ್ ನಡುವೆ ಎರಡು ವರ್ಷದ ಖಾಲಿ ಇದೆಯೇ, ವಿಮೆಯ ದೊಡ್ಡ ರಿಪೇರಿ ನಡೆದಿದೆಯೇ. ಮೀಟರ್ ತಿರುಗಿಸುವುದು ಸುಲಭ. ಆದರೆ ಈ ಕಾರುಗಳಲ್ಲಿ ಕಿಲೋಮೀಟರ್ ಒಂದೇ ಕಡೆ ದಾಖಲಾಗುವುದಿಲ್ಲ, ಬೇರೆ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ (ಕಾರಿನೊಳಗಿನ ಸಣ್ಣ ಕಂಪ್ಯೂಟರ್‌ಗಳಲ್ಲೂ) ಇರುತ್ತದೆ. ಬಿಎಂಡಬ್ಲ್ಯುಗಳಲ್ಲಿ ಕೀಲಿಯಲ್ಲೂ ಇರುತ್ತದೆ. ಎಲ್ಲ ಕಡೆ ಅಳಿಸುವಷ್ಟು ಶ್ರದ್ಧೆ ಕಳ್ಳರಿಗೂ ಕಮ್ಮಿ.

ಆರನೇ ಹೆಜ್ಜೆ: ಕೈಯಾರೆ ನೋಡುವುದು

ಬೆಳಿಗ್ಗೆ ಹೋಗಿ, ಇಂಜಿನ್ ಬಿಸಿ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನಿಮಗೆ ಕೇಳಿಸಬಾರದ ಸದ್ದು ಯಾವುದೋ ಇದೆ.

ಏರ್ ಸಸ್ಪೆನ್ಷನ್ ಇದ್ದರೆ ಕಾರು ರಾತ್ರಿಯೆಲ್ಲ ನಿಂತ ಜಾಗದಲ್ಲೇ ನೋಡಬೇಕು. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ. ಸ್ಟಾರ್ಟ್ ಮಾಡಿದ ಮೇಲೆ ಕಂಪ್ರೆಸರ್ ಬಹಳ ಹೊತ್ತು ಗೊರಗುಟ್ಟಿದರೆ ಅದೂ ಸುಸ್ತಾಗಿದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ. ಗಾಜುಗಳ ಮೇಲಿನ ಗುರುತು, ಸೀಟ್‌ಬೆಲ್ಟ್ ಪಟ್ಟಿಯ ತಯಾರಿಕೆ ದಿನಾಂಕ ಕಾರಿನ ವರ್ಷಕ್ಕೆ ಹೊಂದಬೇಕು. ಒಂದೇ ಒಂದು ಬೆಲ್ಟ್ ಹೊಸದಿದ್ದರೆ ಆ ಕಡೆ ಏನೋ ಆಗಿದೆ, ಏರ್‌ಬ್ಯಾಗ್ ಕೂಡ ಬಿಚ್ಚಿರಬಹುದು.

ನೀರಲ್ಲಿ ಮುಳುಗಿದ ಕಾರಿನ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ದುಬಾರಿ ಕಾರುಗಳು ಸಾಲುಸಾಲಾಗಿ ಮುಳುಗಿದ್ದವು. ವಿಮಾ ಕಂಪನಿಗಳು ಪೂರ್ತಿ ನಷ್ಟವೆಂದು ಬರೆದು ಹರಾಜು ಹಾಕುವ ಕಾರುಗಳು ತೊಳೆದು, ಒಣಗಿಸಿ, ಸುಗಂಧ ಹೊಡೆದು ಮತ್ತೆ ಸಂತೆಗೆ ಬರುತ್ತವೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಕೆಳಗಿನ ಗುಂಡಿಯಲ್ಲಿ ಕೆಸರಿನ ಪುಡಿ ನೋಡಿ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೊನೆಯ ಅರ್ಧ ಅಡಿಯಲ್ಲಿ ಕಲೆ ಕಾಣುತ್ತದೆ. ಸೀಟಿನ ಹಳಿಯ ಬೋಲ್ಟ್ ತುಕ್ಕು, ಕಾಲಡಿಯ ವೈರ್ ಕನೆಕ್ಟರ್‌ನಲ್ಲಿ ಹಸಿರು ಪಾಚಿಯಂಥ ಕಿಲುಬು ಸಿಕ್ಕರೆ ಅಲ್ಲಿಗೆ ಮಾತು ಮುಗಿಯಿತು. ಈ ಕಾರುಗಳ ಕಂಪ್ಯೂಟರ್‌ಗಳು ಹಲವು ಕಡೆ ಸೀಟಿನ ಅಡಿ, ಡಿಕ್ಕಿಯ ಮೂಲೆ ಇಂಥ ತಗ್ಗಿನಲ್ಲೇ ಇರುತ್ತವೆ. ನೀರು ಬಿಟ್ಟ ಮೇಲೂ ವರ್ಷಗಟ್ಟಲೆ ಒಂದೊಂದಾಗಿ ಸಾಯುತ್ತವೆ.

ಒಳಗೆ ಕೂತು ಪ್ರತಿ ಬಟನ್ ಒತ್ತಿ. ಸನ್‌ರೂಫ್, ಹಿಂದಿನ ಎಸಿ, ನಾಲ್ಕೂ ಕಿಟಕಿ, ಸೀಟಿನ ಎಲ್ಲ ಚಲನೆ. ನಾಚಿಕೆ ಬೇಡ. ಎರಡೂ ಕೀಲಿ ಕೇಳಿ. ಒಂದೇ ಇದೆ ಅಂದರೆ ಇನ್ನೊಂದು ಮಾಡಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಏಳನೇ ಹೆಜ್ಜೆ: ಓಡಿಸಿ ನೋಡುವುದು

ಬೀದಿ ಕೊನೆಯವರೆಗೆ ಹೋಗಿ ಬಂದರೆ ಟೆಸ್ಟ್ ಡ್ರೈವ್ ಆಗುವುದಿಲ್ಲ. ಮಾರುವವರು ಒಪ್ಪಿದರೆ ನಮ್ಮ ಕಡೆಯ ರಸ್ತೆಗಳೇ ಒಳ್ಳೆಯ ಪರೀಕ್ಷೆ. ಮೊದಲು ಊರೊಳಗೆ ಹಂಪ್‌ಗಳ ಮೇಲೆ, ಕಿಟಕಿ ಇಳಿಸಿ, ರೇಡಿಯೋ ಆರಿಸಿ. ಟಕಟಕ ಸದ್ದು ಬಂದರೆ ಸಸ್ಪೆನ್ಷನ್ ತೋಳುಗಳ ಬುಷ್. ನಂತರ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೂರರ ವೇಗ. ಸ್ಟೀರಿಂಗ್ ನಡುಗಬಾರದು, ಕಾರು ಒಂದು ಕಡೆಗೆ ಎಳೆಯಬಾರದು. ನಿಧಾನಕ್ಕೆ ಆ್ಯಕ್ಸಿಲರೇಟರ್ ಒತ್ತಿದಾಗ ಗೇರ್ ಬದಲಾಗಿದ್ದೇ ತಿಳಿಯಬಾರದು, ಜಗ್ಗಿದರೆ, ತಡವರಿಸಿದರೆ ಎಚ್ಚರ.

ಆಮೇಲೆ ದೇವರಾಯನದುರ್ಗ. ಸುಮಾರು 1,200 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳಲ್ಲಿ ನಾಲ್ಕು ಜನ ಕೂತು, ಎಸಿ ಹಾಕಿ ಹತ್ತಿದರೆ ಇಂಜಿನ್ ಬಿಸಿ, ಟರ್ಬೋ, ಗೇರ್‌ಬಾಕ್ಸ್ ಎಲ್ಲದರ ಬಂಡವಾಳ ಬಯಲಾಗುತ್ತದೆ. ಇಳಿಯುವಾಗ ಬ್ರೇಕ್ ಒತ್ತಿದರೆ ಪೆಡಲ್ ನಡುಗುತ್ತದೆಯೇ ನೋಡಿ. ವಾಪಸ್ ಬರುತ್ತಾ ಕ್ಯಾತ್ಸಂದ್ರದಲ್ಲಿ ನಿಲ್ಲಿಸಿ ತಟ್ಟೆ ಇಡ್ಲಿ ತಿನ್ನಿ, ಅದೂ ಪರೀಕ್ಷೆಯ ಭಾಗವೇ. ಬಿಸಿ ಇಂಜಿನ್ ಅರ್ಧ ಗಂಟೆ ನಿಂತ ಮೇಲೆ ತಡವಿಲ್ಲದೆ ಸ್ಟಾರ್ಟ್ ಆಗಬೇಕು, ಕಾರಿನ ಅಡಿ ಎಣ್ಣೆ ತೊಟ್ಟಿಕ್ಕಿರಬಾರದು. ಎಸಿ ನೀರು ಬಿದ್ದಿದ್ದರೆ ಗಾಬರಿ ಬೇಡ.

ಎಂಟನೇ ಹೆಜ್ಜೆ: ಲಿಫ್ಟ್ ಮೇಲೆ ಏರಿಸಿ, ಸ್ಕ್ಯಾನ್ ಮಾಡಿಸಿ

ಇಷ್ಟವಾದ ಮೇಲೆ, ದುಡ್ಡು ಕೊಡುವ ಮುಂಚೆ, ಆ ಬ್ರಾಂಡಿನಲ್ಲೇ ಪಳಗಿದ ಗ್ಯಾರೇಜಿನಲ್ಲಿ ತಪಾಸಣೆ ಮಾಡಿಸಿ. ಮಾರುವವರು ಹೇಳಿದ ಗ್ಯಾರೇಜಿಗೆ ಹೋಗಬೇಡಿ. ಎಲ್ಲ ಯೂನಿಟ್‌ಗಳನ್ನು ಓದುವ ಸ್ಕ್ಯಾನರ್ ಬೇಕು, ಇನ್ನೂರು ರೂಪಾಯಿಯ ಬ್ಲೂಟೂತ್ ಸಾಧನ ಸಾಲದು. ಸ್ಕ್ಯಾನ್ ಮಾಡಿದಾಗ ಒಂದೂ ದೋಷ ಇಲ್ಲದೆ ಪೂರ್ತಿ ಸ್ವಚ್ಛವಾಗಿದ್ದರೆ ಅನುಮಾನ ಪಡಿ. ಹಳೆಯ ಕಾರಿನಲ್ಲಿ ಸಣ್ಣಪುಟ್ಟ ಹಳೆಯ ಕೋಡ್ ಇದ್ದೇ ಇರುತ್ತವೆ. ಹಿಂದಿನ ದಿನ ಅಳಿಸಿದ್ದಾರೆಂದರೆ ಓಡಿಸಿದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಗೇರ್‌ಬಾಕ್ಸ್ ಎಣ್ಣೆ ‘ಲೈಫ್‌ಟೈಮ್’ ಎಂಬ ಮಾತನ್ನು ನಂಬಬೇಡಿ. ಬಿಎಂಡಬ್ಲ್ಯುಗೆ ಎಂಟು ಗೇರಿನ ಡಬ್ಬ ಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ನಡುವೆ ಬದಲಿಸಿ ಅನ್ನುತ್ತದೆ.

ತಪಾಸಣೆಗೆ ಕೆಲವು ಸಾವಿರ ಖರ್ಚಾಗಿ ಕಾರು ಬೇಡವಾದರೂ ಬೇಸರ ಬೇಡ.

ಒಂಬತ್ತನೇ ಹೆಜ್ಜೆ: ದುಡ್ಡು, ಕಾಗದ

ವರದಿಯಲ್ಲಿ ಬಂದ ಪ್ರತಿ ಕೆಲಸಕ್ಕೂ ಅಂದಾಜು ಬೆಲೆ ಹಾಕಿ, ಆ ಪಟ್ಟಿಯನ್ನೇ ಮುಂದಿಟ್ಟು ಚೌಕಾಸಿ ಮಾಡಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಒಂದು ವ್ಯವಹಾರಕ್ಕೆ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಬ್ಯಾಂಕ್ ಮೂಲಕವೇ ಕೊಡಿ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಕೊಡಿ.

ವರ್ಗಾವಣೆಗೆ ಫಾರಂ 29 ಮತ್ತು 30. ಸಾಲ ಇದ್ದರೆ ಫಾರಂ 35 ಜೊತೆಗೆ ಬ್ಯಾಂಕಿನ ಪತ್ರ. ಹೊರರಾಜ್ಯದ್ದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ಬೆಂಗಳೂರಿನ ಗಾಡಿಯ ನಂಬರ್ ಕೆಎ-06 ಆಗುವುದಿಲ್ಲ, ಇದ್ದ ನಂಬರೇ ಇರುತ್ತದೆ, ಬದಲಾಗುವುದು ಹೆಸರು ವಿಳಾಸ ಮಾತ್ರ. 2019ರ ಏಪ್ರಿಲ್‌ಗೆ ಮುಂಚಿನ ಕಾರಾದರೆ ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚು ಭದ್ರತೆಯ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ನೋಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಅವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಕಾರಿನದಲ್ಲ, ಮಾಲೀಕರದ್ದು. ಹಳೆಯ ಫಾಸ್ಟ್ಯಾಗ್ ರದ್ದು ಮಾಡಿಸಿ ನಿಮ್ಮದನ್ನು ಅಂಟಿಸಿ, ಇಲ್ಲದಿದ್ದರೆ ನೆಲಮಂಗಲದ ಟೋಲಿನಲ್ಲಿ ಪಂಚಾಯಿತಿ.

ಮನೆಗೆ ಬಂದ ಮೇಲೆ

ವಾರಕ್ಕೊಮ್ಮೆ ಓಡುವ ಕಾರಿನ ಮೊದಲ ಶತ್ರು ನಿಂತಿರುವುದೇ. ಲಾಕ್ ಮಾಡಿದ ಮೇಲೂ ಇವುಗಳ ಕಂಪ್ಯೂಟರ್‌ಗಳು ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತವೆ. ಗ್ಯಾರೇಜಿನಲ್ಲಿ ಪ್ಲಗ್ ಪಾಯಿಂಟ್ ಹಾಕಿಸಿ, ಬ್ಯಾಟರಿ ಮೆಂಟೇನರ್ ತಂದು ಸಿಕ್ಕಿಸಿಡಿ. ಎಜಿಎಂ ಎಂಬ ಬಗೆಯ ಬ್ಯಾಟರಿ ಇದ್ದ ಕಡೆ ಎಜಿಎಂ ಬ್ಯಾಟರಿಯನ್ನೇ ಹಾಕಬೇಕು, ಬಿಎಂಡಬ್ಲ್ಯುವಿನಲ್ಲಿ ಹೊಸ ಬ್ಯಾಟರಿಯನ್ನು ಕಾರಿಗೆ ನೋಂದಾಯಿಸಲೂ ಬೇಕು. ಎರಡನೇ ಶತ್ರು ಇಲಿ, ಅಳಿಲು. ತೆಂಗಿನ ತೋಟದ ಪಕ್ಕ ಮನೆ ಇದ್ದವರಿಗೆ ಇದು ಹೇಳಬೇಕಾಗಿಲ್ಲ. ವಾರಕ್ಕೆರಡು ಸಲ ಬಾನೆಟ್ ತೆಗೆದು ನೋಡಿ, ಕಾಯಿಸಿಪ್ಪೆ, ನಾರು ಕಂಡರೆ ಗೂಡು ಕಟ್ಟುವ ಸನ್ನಾಹ ನಡೆದಿದೆ ಅಂತರ್ಥ.

ಕಂಪನಿ ಸರ್ವಿಸ್‌ಗೆ ಬೆಂಗಳೂರಿಗೆ ಹೋಗಿಬರುವುದಿದ್ದೇ ಇದೆ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಳಾಗುತ್ತದೆ. ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು, ವಿಮೆಯಲ್ಲಿ ರಸ್ತೆ ಸಹಾಯ ಸೇರಿಸಿಟ್ಟುಕೊಳ್ಳಿ. ರನ್‌ಫ್ಲಾಟ್ ಟೈರು ಪಂಕ್ಚರಾದರೂ ಸ್ವಲ್ಪ ದೂರ ನಿಧಾನವಾಗಿ ಓಡುತ್ತದೆ, ಆದರೆ ಮಧುಗಿರಿ ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಅದರ ಸೈಜು ಕೇಳಿದರೆ ನಗುತ್ತಾರೆ. ಪಂಕ್ಚರ್ ಕಿಟ್, ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿರಲಿ. ಟೈರು ಸವೆಯದಿದ್ದರೂ ಆರೇಳು ವರ್ಷಕ್ಕೆ ಬದಲಿಸಿ.

ಎಷ್ಟು ವರ್ಷ ಇಟ್ಟುಕೊಳ್ಳಬೇಕು ಅಂತಲೂ ಈಗಲೇ ಯೋಚಿಸಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಪೂರ್ತಿ ಆಮದಾದ ಕಾರಿಗೆ 40,000. ಆ ಗಡಿ ಹತ್ತಿರ ಬಂದಂತೆ ಕೊಳ್ಳುವವರು ಕಡಿಮೆಯಾಗುತ್ತಾರೆ. ಹನ್ನೆರಡನೇ ವರ್ಷದ ಒಳಗೆ ಮಾರಿದರೆ ವಿಚಾರಿಸುವವರು ಇರುತ್ತಾರೆ, ಆಗ ನಿಮ್ಮ ಸರ್ವಿಸ್ ಬಿಲ್ಲುಗಳ ಕಡತ ದಪ್ಪವಿದ್ದಷ್ಟೂ ಬೆಲೆ ಬರುತ್ತದೆ.